ಗಂಟಿಲ್ಲದ ಮೂರು ತೇಪೆಗಳು

ಕರುಳಿನ ಒಳಪದರವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಹರಿದ ಬಟ್ಟೆಗೆ ತೇಪೆ ಹಾಕುವ ಹಾಗೆ ಮನುಷ್ಯನ ಹೊಟ್ಟೆಯೊಳಗೆ ಹಾಕಬಹುದು ಎಂದು ವಿಜ್ಞಾನಿಗಳು ಕಂಡುಕೊಂಡಾಗ ಲೋಕವೆಲ್ಲ ಚಪ್ಪಾಳೆ ತಟ್ಟಿತು. ಆ ತೇಪೆಯನ್ನು ಹೊಲಿಯುವವರು ಯಾರು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಪದರ ಎಂದರೆ ಒಂದೇ ಒಂದು ಜೀವಕೋಶದಷ್ಟು ದಪ್ಪ. ಈರುಳ್ಳಿಯ ಒಳಸಿಪ್ಪೆ ಅದರ ಮುಂದೆ ಕಂಬಳಿ. ಹತ್ತು ದಿನದಲ್ಲಿ ಕರಗಿಹೋಗುವ ಒಂದು ತೆಳು ಬಲೆಬಟ್ಟೆಗೆ ಅದನ್ನು ಹೊಲಿದು ಕೊಟ್ಟರೆ ಮಾತ್ರ ಸರ್ಜನ್ನರು ಕೈಯಲ್ಲಿ ಹಿಡಿಯಬಲ್ಲರು. ಧಾರವಾಡದ ಪ್ರಯೋಗಾಲಯದವರು ಪರದೇಶದಿಂದ ಎರಡು ಯಂತ್ರ ತರಿಸಿದರು. ಯಂತ್ರಗಳು ಹತ್ತರಲ್ಲಿ ಏಳು ಪದರ ಹರಿದು ಹಾಕಿದವು. ಕೊನೆಗೆ ಆ ಘಟಕದ ಮುಖ್ಯಸ್ಥೆ ಡಾ. ವತ್ಸಲಾ ಗಲಗಲಿ ಯಾರದೋ ಮದುವೆಯಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಇಳಕಲ್ ಸೆರಗನ್ನು ತಿರುವಿ ನೋಡಿ, ಮಾರನೆಯ ದಿನವೇ ಪತ್ರಿಕೆಗೆ ಜಾಹೀರಾತು ಕೊಟ್ಟರು: ಕಸೂತಿ ಬಲ್ಲವರು ಬೇಕಾಗಿದ್ದಾರೆ.

ಹನ್ನೆರಡು ಹೆಂಗಸರು ಆಯ್ಕೆಯಾದರು. ಸೀರೆಗೆ ಎಂದು ತಿಳಿದು ಬಂದವರು ಕರುಳು ಎಂದ ಕೂಡಲೇ ಮುಖ ಹಿಂಡಿಕೊಂಡರು, ಆದರೆ ಯಾರೂ ಎದ್ದು ಹೋಗಲಿಲ್ಲ. ಅವರಲ್ಲಿ ಹಿರಿಯಳು ನೀಲವ್ವ. ವಯಸ್ಸು ಐವತ್ತನಾಲ್ಕು. ಹದಿನಾರನೇ ವರ್ಷಕ್ಕೆ ಸೊಸೆಯಾಗಿ ಬಂದಾಗಿನಿಂದ ಅತ್ತೆಯ ಕೈಕೆಳಗೆ ಸೂಜಿ ಹಿಡಿದವಳು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯ ಒಳಗೇ ಸೇರಿಸಿ ಮುಗಿಸಬೇಕು. ಮುಂದಿನಿಂದ ನೋಡಿದರೂ ಹಿಂದಿನಿಂದ ನೋಡಿದರೂ ಒಂದೇ ಕಾಣಬೇಕು. ಎಲ್ಲಾದರೂ ಗಂಟು ಕಂಡರೆ ಅತ್ತೆ ಬಾಯಿಂದ ಒಂದು ಮಾತೂ ಆಡದೆ ಇಡೀ ಸೆರಗು ಬಿಚ್ಚಿಸುತ್ತಿದ್ದಳು.

ಪ್ರಯೋಗಾಲಯದಲ್ಲಿ ಗೋಡೆಗೆ ಹಚ್ಚಿದ್ದ ನಿಯಮಗಳಲ್ಲಿ ಒಂಬತ್ತನೆಯದು ಹೀಗಿತ್ತು: ಪ್ರತಿ ತೇಪೆಯ ಕೊನೆಗೆ, ಕೆಳಮಗ್ಗುಲಲ್ಲಿ, ಒಂದು ಗಂಟು ಹಾಕಬೇಕು. ಯಾಕೆ ಎಂದು ಬರೆದಿರಲಿಲ್ಲ. ಕೈಕೆಲಸದವರಿಗೆ ಕಾರಣ ಹೇಳುವ ಅಭ್ಯಾಸ ನಮ್ಮಲ್ಲಿ ಯಾವಾಗ ಇತ್ತು? ದಾರ ಬಿಚ್ಚದಿರಲಿ ಅಂತ ಇರಬೇಕು ಎಂದು ಹೆಂಗಸರು ತಾವೇ ಅರ್ಥ ಮಾಡಿಕೊಂಡರು. ನೀಲವ್ವ ಒಂದೂವರೆ ವರ್ಷ ಆ ಗಂಟನ್ನು ಹಾಕುತ್ತ ಬಂದಳು. ಒಂದೊಂದು ಸಲವೂ ಅವಳಿಗೆ ಅನ್ನದಲ್ಲಿ ಕಲ್ಲು ಕಡಿದ ಹಾಗಾಗುತ್ತಿತ್ತು.

ಆ ವರ್ಷದ ಚಳಿಗಾಲದಲ್ಲಿ ಬಂದ ಮಗು ಸುಮೈಯಾ. ಇಪ್ಪತ್ತು ತಿಂಗಳಾಗಿದ್ದರೂ ತೂಕ ಏಳೇ ಕಿಲೋ. ಹುಟ್ಟಿದಂದಿನಿಂದ ಬಾಯಿಂದ ಒಂದು ತುತ್ತು ಇಳಿದಿರಲಿಲ್ಲ. ಎದೆಯ ನರಕ್ಕೆ ಹಾಕಿದ ಕೊಳವೆಯಿಂದಲೇ ಆಹಾರ, ನೀರು ಎಲ್ಲ. ತಾಯಿ ಫರೀದಾ ನವಲಗುಂದದವಳು, ಜಮಖಾನ ನೇಯುವ ಮನೆತನ. ಅವಳಿಗೆ ಮಗಳ ರೋಗವನ್ನು ಡಾಕ್ಟರ್ ಗಲಗಲಿ ತಿಳಿಸಿ ಹೇಳಿದ ದಿನ ನೀಲವ್ವ ಅಲ್ಲೇ ಇದ್ದಳು.

"ನೋಡವಾ, ಕರುಳಿನ ಪ್ರತಿಯೊಂದು ಕೋಶಕ್ಕೂ ಮ್ಯಾಲಿನ ಮಗ್ಗಲು ಬ್ಯಾರೆ, ಕೆಳಗಿನ ಮಗ್ಗಲು ಬ್ಯಾರೆ," ಎಂದಿದ್ದರು ಡಾಕ್ಟರ್. "ಮ್ಯಾಲಿನದು ಊಟ ಹಾದುಹೋಗೋ ಕಡೆ. ಅಲ್ಲಿ ಪ್ರೋಟೀನಿನ ಸಣ್ಣ ಸಣ್ಣ ಬಾಗಿಲ ಇರ್ತಾವ. ಉಪ್ಪು, ಸಕ್ಕರಿ, ನೀರು ಒಳಗ ಎಳಕೋತಾವ. ಕೆಳಗಿನ ಮಗ್ಗಲಾಗ ಇರೋ ಬಾಗಿಲ ಬ್ಯಾರೆ, ಅವು ಅದನ್ನ ರಕ್ತಕ್ಕ ದಾಟಸ್ತಾವ. ಮ್ಯಾಲಿಂದು ಮ್ಯಾಲೇ ಇರಬೇಕು, ಕೆಳಗಿಂದು ಕೆಳಗೇ ಇರಬೇಕು. ನಿನ್ನ ಮಗಳ ಕೋಶದಾಗ ಬಾಗಿಲ ತಯಾರಾಗ್ತಾವ, ಆದರ ಮ್ಯಾಲ ಹೋಗಿ ಮುಟ್ಟೂದಿಲ್ಲ. ಕೋಶದ ಹೊಟ್ಟ್ಯಾಗೇ ಗುಳ್ಳಿ ಕಟ್ಟಿಕೊಂಡು ಕುಂತುಬಿಡ್ತಾವ."

"ಅಂದ್ರ ನನ್ನ ಮಗಳ ಕರುಳಿಗೆ ತಲಿ ಯಾವುದು ಕಾಲು ಯಾವುದು ಗೊತ್ತಿಲ್ಲೇನ್ರಿ?"

"ಹಂಗ ಅನ್ಕೋ. ಇಕಿ ಕೋಶಾನ ತಗೊಂಡು, ಆ ತಪ್ಪು ತಿದ್ದಿ, ಹೊಸಾ ಪದರ ಬೆಳಸ್ತೀವಿ. ಎಂಟು ತೇಪಿ. ಅವು ಹತ್ತಿಕೊಂಡ್ರ ತಾವ ಹಬ್ಬಿಕೋತ ಹೋಗ್ತಾವ."

ಪದರ ಬೆಳೆಯಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳೂ ಫರೀದಾ ದಿನಾ ಮಧ್ಯಾಹ್ನ ಹೊಲಿಗೆ ಕೋಣೆಯ ಗಾಜಿನ ಹೊರಗೆ ಬಂದು ನಿಲ್ಲುತ್ತಿದ್ದಳು. ಊಟದ ಬಿಡುವಿನಲ್ಲಿ ನೀಲವ್ವ ಹೊರಗೆ ಬಂದರೆ ಇಬ್ಬರೂ ಕಟ್ಟೆಯ ಮೇಲೆ ಕೂತು ರೊಟ್ಟಿ ಹಂಚಿಕೊಳ್ಳುತ್ತಿದ್ದರು. ದಾರದ ಮಾತು ಶುರುವಾದರೆ ಇಬ್ಬರಿಗೂ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. "ನಮ್ಮ ಜಮಖಾನಾನೂ ಎರಡೂ ಕಡೆ ಹಾಸಬೋದು ಅಕ್ಕಾ," ಎಂದು ಫರೀದಾ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಮಗುವಿನ ತೇಪೆಗಳು ಸಿದ್ಧವಾದಾಗ, ಎಂಟನ್ನೂ ನೀವೇ ಹೊಲಿಯಬೇಕು ಅಕ್ಕಾ ಎಂದು ಕೇಳಿಕೊಂಡವಳೂ ಅವಳೇ. ನೀಲವ್ವ ಒಪ್ಪಿಕೊಂಡಳು.

ಸೋಮವಾರ, ಮಂಗಳವಾರ ಐದು ತೇಪೆ ಮುಗಿದವು. ಆ ಮಂಗಳವಾರವೇ ದೊಡ್ಡ ಊರಿನಿಂದ ಅತಿಥಿಗಳು ಬಂದರು. ಅವರಲ್ಲಿ ಒಬ್ಬಾಕೆ ಮಸೂರದ ಕೆಳಗೆ ಮಾದರಿ ತೇಪೆಯೊಂದನ್ನು ತಿರುವಿ ನೋಡಿ ನಕ್ಕಳು. "ಇಲ್ಲೊಂದು ಗಂಟಿದೆಯಲ್ಲ? ಕಸೂತೀಲಿ ಗಂಟು ಇರಲ್ಲ ಅಂತ ಓದಿದ್ದೆ." ಅಷ್ಟೇ. ಅವಳು ಮುಂದಿನ ಮೇಜಿಗೆ ಹೋದಳು. ನೀಲವ್ವನಿಗೆ ಮಾತ್ರ ಆ ನಗು ಸೂಜಿ ಚುಚ್ಚಿದ ಹಾಗೆ ಒಳಗೇ ಉಳಿಯಿತು. ಮೂವತ್ತೆಂಟು ವರ್ಷ ಸೂಜಿ ಹಿಡಿದವಳಿಗೆ, ಕಸೂತಿಯನ್ನು ಪುಸ್ತಕದಲ್ಲಿ ಓದಿದವಳು ಪಾಠ ಹೇಳಿ ಹೋಗಿದ್ದಳು. ಬುಧವಾರ ಉಳಿದ ಮೂರು ತೇಪೆಗಳನ್ನು ಅವಳು ಗಂಟಿಲ್ಲದೆ ಮುಗಿಸಿದಳು. ದಾರದ ತುದಿಯನ್ನು ಹೊಲಿಗೆಯೊಳಗೇ ಓಡಿಸಿ, ಎರಡು ಸಲ ಎಳೆದು ನೋಡಿದಳು, ಮಿಸುಕಲಿಲ್ಲ. ಗಂಟಿಗಿಂತ ಗಟ್ಟಿಯಾಗಿಯೇ ಇತ್ತು. ಪರೀಕ್ಷಿಸುವ ಯಂತ್ರ ತೇಪೆಯಲ್ಲಿ ತೂತು ಇದೆಯೇ ಎಂದಷ್ಟೇ ನೋಡುತ್ತಿತ್ತು. ಮೂರೂ ಪಾಸಾದವು. ಇಂಥ ಕೆಲಸ ಮಾಡಿ ಎಷ್ಟು ದಿನವಾಗಿತ್ತು ಎಂದು ನೀಲವ್ವ ಸಂಜೆ ಹಗುರಾಗಿ ಮನೆಗೆ ಹೋದಳು.

ಶುಕ್ರವಾರ ಶಸ್ತ್ರಚಿಕಿತ್ಸೆ ನಡೆಯಿತು.

ಸೋಮವಾರ ಬೆಳಿಗ್ಗೆ ಹೊಲಿಗೆಯವರಿಗೆ ಅವರು ಹೊಲಿದ ತೇಪೆಗಳ ಚಿತ್ರ ತೋರಿಸುವುದು ಡಾಕ್ಟರ್ ಗಲಗಲಿ ತಾವೇ ಹಾಕಿಕೊಂಡ ಪದ್ಧತಿ. ಮಗುವಿಗೆ ಒಂದು ಚಮಚ ಬಣ್ಣದ ನೀರು ಕುಡಿಸುತ್ತಾರೆ. ಅದು ಮೇಲ್ಮಗ್ಗುಲಿನ ಬಾಗಿಲುಗಳಿಗೆ ಮಾತ್ರ ಅಂಟುತ್ತದೆ. ಆಮೇಲೆ ಸಣ್ಣ ಕ್ಯಾಮೆರಾ ಇಳಿಸಿದರೆ, ತೇಪೆ ಸರಿಯಾಗಿದ್ದಲ್ಲಿ ಹಸಿರಾಗಿ ಹೊಳೆಯುತ್ತದೆ. ಬೇರೆ ಸೋಮವಾರಗಳಲ್ಲಿ ಹೆಂಗಸರು "ನಂದು ಹೊಳ್ಯಾಕತ್ತೈತಿ ನೋಡ" ಎಂದು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಈ ಸೋಮವಾರ ಡಾಕ್ಟರ ಮುಖ ನೋಡಿಯೇ ಎಲ್ಲರೂ ಸುಮ್ಮನಾದರು.

ಪರದೆಯ ಮೇಲೆ ಎಂಟು ಚೌಕಗಳಿದ್ದವು. ಐದು ಹಸಿರು. ಮೂರು ಕಪ್ಪು.

"ಈ ಮೂರು ನೀರು ಎಳಕೊಳ್ಳೂದು ಬಿಟ್ಟು ಹೊರಗ ಹಾಕಲಿಕ್ಕೆ ಹತ್ಯಾವ," ಎಂದರು ಡಾಕ್ಟರ್. "ನಿನ್ನೆಯಿಂದ ಹೊಟ್ಟಿಗೆ ಹಚ್ಚಿದ ಚೀಲದಾಗ ಒಂದು ಲೀಟರ್ ಬಂದದ. ಏಳು ಕಿಲೋದ ಕೂಸು. ತೇಪಿ ತಿರುವಿ ಕೂಡಿಸ್ಯಾರೇನೋ ಅಂತ ಮೊದಲು ನನಗ ಅನುಮಾನ ಬಂತು. ಸರ್ಜನ್ನರನ್ನ ಕೇಳಿದೆ. ಗಂಟಿರೋ ಮಗ್ಗಲು ಕೆಳಗ ಹೋಗಬೇಕು. ಅವರು ಕಣ್ಣಿಗೆ ಕಾಣೋ ಮಗ್ಗಲು ನೋಡಿಯೇ ಕೂಡಿಸ್ತಾರ. ಎಂಟರಾಗೂ ಮ್ಯಾಲ ಗಂಟು ಇರಲಿಲ್ಲ ಅಂದ್ರು. ಅಂದ ಮ್ಯಾಲ ಇದು ರೋಗನ. ನಾವು ತಿದ್ದಿದ ಕೋಶದಾಗ ತಿರುಗಿ ಬಂದದ."

ನೀಲವ್ವ ಚೌಕಗಳ ಮೇಲಿನ ಅಂಕಿ ಓದಿದಳು. ಕಪ್ಪಾಗಿದ್ದ ಚೌಕಗಳ ಸಂಖ್ಯೆ ಆರು, ಏಳು, ಎಂಟು. ಬುಧವಾರದ ಮೂರು.

ಗಂಟು ದಾರ ನಿಲ್ಲಲಿಕ್ಕಲ್ಲ. ಯಾವುದು ಕೆಳಗೆ ಎಂದು ಹೇಳಲಿಕ್ಕೆ. ಒದ್ದೆ ಬಲೆಯೊಳಗೆ ಎರಡೂ ಮಗ್ಗುಲು ಒಂದೇ ಕಾಣುವ ಆ ಪದರಕ್ಕೆ ಇದ್ದ ಗುರುತು ಅದೊಂದೇ. ಸರ್ಜನ್ನರು ಮೇಲೆ ಗಂಟಿಲ್ಲ ಎಂದರೆ ಕೆಳಗಿರಬೇಕು ಎಂದುಕೊಂಡರು. ತಿರುವಿ ನೋಡುವ ಕಾರಣ ಅವರಿಗೇನಿತ್ತು?

"ಈಗೇನ್ ಮಾಡ್ತಾರ್ರಿ ಬಾಯಾರ?" ಎಂದು ಗಿರಿಜವ್ವ ಕೇಳಿದಳು. ನೀಲವ್ವನ ಪಕ್ಕದ ಮೇಜಿನವಳು.

"ಎಷ್ಟು ನೀರು ಹಾಕಿದರೂ ಅಷ್ಟೂ ಹೊರಗ. ಅದಕ್ಕ ಇವತ್ತಿಂದ ಕಡಿಮಿ ಮಾಡಲಿಕ್ಕೆ ಹೇಳ್ಯಾರ. ನಾಳಿ ಇಲ್ಲಾ ನಾಡದ ಮನಿಗೆ ಕರಕೊಂಡು ಹೋಗ್ರಿ ಅಂತಾರ." ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಕೈ ತಪ್ಪಿಲ್ಲ. ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ."

ಆಗಲೇ ಹೇಳಬೇಕಿತ್ತು. ನೀಲವ್ವ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಗಿರಿಜವ್ವ ಅವಳ ಮೊಳಕೈ ಹಿಡಿದು ಮೆಲ್ಲಗೆ, "ಸದ್ಯ, ನಮ್ಮ ಕೈ ತಪ್ಪಲ್ಲಂತ. ಹಂಗೇನರ ಇದ್ದಿದ್ರ ನಾಳೀನ ಯಂತ್ರ ತಂದು ಕೂಡಿಸ್ತಿದ್ರು, ಹನ್ನೆರಡು ಮಂದಿ ಮನೀಗೆ," ಎಂದಳು. ನೀಲವ್ವ ಹಾಗೇ ಬಾಯಿ ಮುಚ್ಚಿದಳು. ಹನ್ನೆರಡು ಮಂದಿಗಾಗಿ ಸುಮ್ಮನಾದೆ ಎಂದು ಆ ಕ್ಷಣಕ್ಕೆ ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವಳು ಹೆದರಿದ್ದು ತನಗಾಗಿ.

ಸಂಜೆ ಮನೆಗೆ ಹೊರಟಾಗ ವಾರ್ಡಿನ ಮುಂದೆಯೇ ಹಾದು ಹೋಗಬೇಕಿತ್ತು. ಫರೀದಾ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ಏನಂತಾರ? ನನ್ನ ಮುಂದ ಯಾರೂ ಸರಿಯಾಗಿ ಹೇಳವಲ್ರು."

"ನೋಡೂಣು ತಡಿಯವಾ," ಎಂದಳು ನೀಲವ್ವ. ಅವಳ ಕಾಲು ನಿಲ್ಲಲಿಲ್ಲ.

ಮನೆಗೆ ಬಂದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆ ಹಚ್ಚುವ ಬದಲು ಪೆಟ್ಟಿಗೆಯಿಂದ ಒಂದು ಬಿಳಿ ಬಟ್ಟೆ ತೆಗೆದಳು. ಬುಧವಾರ ಮಾಡಿದ ಹಾಗೆಯೇ ಬಿಳಿ ದಾರದಲ್ಲಿ ನಾಲ್ಕು ಬದಿಯೂ ಹೊಲಿದಳು, ಹಾಗೆಯೇ ಮುಗಿಸಿದಳು. ಗಂಡ ಈರಪ್ಪ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವ, ಅಂಗಳದಲ್ಲಿ ಕೂತು ಯಾರದೋ ಮಿಕ್ಸರ್ ಬಿಚ್ಚಿಕೊಂಡಿದ್ದ. ಅವನ ಮುಂದೆ ಬಟ್ಟೆ ಹಿಡಿದಳು.

"ಇದರಾಗ ಮ್ಯಾಲಿನ ಮಗ್ಗಲು ಯಾವುದು ಹೇಳ್ರಿ."

ಈರಪ್ಪ ಕೈ ಒರೆಸಿಕೊಂಡು ತಿರುವಿದ, ಮತ್ತೆ ತಿರುವಿದ, ಬೆಳಕಿಗೆ ಹಿಡಿದ. ಎಂಜಿನ್ನಿನ ಸದ್ದಿನಲ್ಲೇ ರೋಗ ಹಿಡಿಯುತ್ತಿದ್ದ ಮನುಷ್ಯ. ಕೊನೆಗೆ ನಕ್ಕು, "ಯಾವುದಾದ್ರ ಏನು? ಎರಡೂ ಮ್ಯಾಲಿಂದ ಇದ್ದಂಗ ಐತಿ. ನಿನ್ನ ಕೈಯಾಗ ಇನ್ನೂ ಕಸುವು ಐತಿ ಬಿಡು," ಎಂದ.

ಒಳ್ಳೆಯ ಮಾತೇ ಆಡಿದ್ದ. ನೀಲವ್ವ ಬಟ್ಟೆ ಕಸಿದುಕೊಂಡು ಒಳಗೆ ಹೋಗಿ, ಅಡುಗೆಮನೆಯ ಬಾಗಿಲ ಹಿಂದೆ ಕೂತು ಅತ್ತಳು. ತಾನು ಹೊಲಿದದ್ದನ್ನು ಅವಳೂ ಎಷ್ಟೋ ಸಲ ತಿರುವಿ ನೋಡಿದಳು. ಎಲ್ಲಾದರೂ ಒಂದು ಓರೆ, ಒಂದು ಸಡಿಲ ಎಳೆ ಸಿಕ್ಕೀತೇ ಎಂದು ಹುಡುಕಿದಳು. ಸಿಗಲಿಲ್ಲ. ನಾಳೆ ಹೇಳಿದರಾಯಿತು, ಒಂದು ದಿನದಲ್ಲಿ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಏನಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ ಎನ್ನುವುದು ನಿಜ. ಗೊತ್ತು ಮಾಡಿಕೊಳ್ಳಲು ಮನಸ್ಸಿರಲಿಲ್ಲ ಎನ್ನುವುದೂ ನಿಜ.

ಮಂಗಳವಾರ ಅವಳು ಸೂಜಿಗೆ ದಾರ ಪೋಣಿಸಲು ಮೂರು ಸಲ ಪ್ರಯತ್ನಿಸಿದಳು. ಮಧ್ಯಾಹ್ನದ ಬಿಡುವಿನಲ್ಲಿ ಕಟ್ಟೆಯ ಹತ್ತಿರ ಹೋದರೆ ಫರೀದಾಳ ಗಂಡ ಚಾದರ, ಬಕೆಟ್ಟು, ಫ್ಲಾಸ್ಕು ಒಂದೊಂದಾಗಿ ಹೊರಗೆ ತಂದಿಡುತ್ತಿದ್ದ. ಮನೆಗೆ ಕಳಿಸುವ ಕಾಗದ ಬರೆಯುತ್ತಿದ್ದಾರೆ, ಸಂಜೆಗೆ ಗಾಡಿ ಹೇಳಿದ್ದೇವೆ ಎಂದ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ನೀಲವ್ವ ಚಪ್ಪಲಿ ಬಿಟ್ಟಲ್ಲೇ ಬಿಟ್ಟು ಡಾಕ್ಟರ್ ಗಲಗಲಿಯ ಕೋಣೆಗೆ ಓಡಿದಳು.

"ಬಾಯಾರ, ಆ ಮೂರಕ್ಕ ಗಂಟು ಹಾಕಿಲ್ಲರಿ ನಾನು."

ಡಾಕ್ಟರ್ ತಲೆ ಎತ್ತಿದರು. "ಏನಂದಿ?"

"ಬುಧವಾರ ಹೊಲಿದದ್ದು. ಆರು, ಏಳು, ಎಂಟು. ಗಂಟು ಹಾಕದನ ಮುಗಿಸೇನಿ. ಕಸೂತಿಯಾಗ ಮಾಡಿದಂಗ. ಎರಡೂ ಮಗ್ಗಲು ಒಂದ ಕಾಣ್ತಾವ್ರಿ. ಗಂಟು ಗುರುತಿಗೆ ಅಂತ ನನಗ ಗೊತ್ತಿರಲಿಲ್ಲ."

ಡಾಕ್ಟರ್ ಎದ್ದು ನಿಂತರು, ಮತ್ತೆ ಕೂತರು. ಗಣಕದ ಪರದೆ ತಮ್ಮ ಕಡೆ ತಿರುಗಿಸಿಕೊಂಡು ಆ ಮೂರು ಕಪ್ಪು ಚೌಕಗಳನ್ನು ನೋಡಿದರು.

"ರೋಗ ಅಲ್ಲ," ಎಂದರು ತಮಗೆ ತಾವೇ. "ಕೋಶ ಸರಿ ಅದ. ಬಾಗಿಲ ತಮ್ಮ ಜಾಗಾದಾಗೇ ಅದಾವ. ಮಲಗಿಸಿದ್ದು ತಪ್ಪಾಗ್ಯದ. ರಕ್ತದ ಕಡೆಯಿಂದ ನೀರು ಎಳದು ಕರುಳಿಗೆ ಸುರೀಲಿಕ್ಕೆ ಹತ್ಯಾವ." ಆಮೇಲೆ ನೀಲವ್ವನ ಕಡೆ ತಿರುಗಿದರು. "ನಿನಗ ಬೈಲಿಕ್ಕೆ ಈಗ ನನಗ ಹೊತ್ತಿಲ್ಲ. ಬಾ ನನ್ನ ಕೂಡ."

ಯಾವಾಗ ಗೊತ್ತಾಯಿತು ಎಂದು ಅವರು ಕೇಳಲಿಲ್ಲ. ನೀಲವ್ವ ತಾನಾಗಿ ಹೇಳಲಿಲ್ಲ.

ಅರ್ಧ ಗಂಟೆಯಲ್ಲಿ ನಾಲ್ಕು ಮಂದಿ ಡಾಕ್ಟರುಗಳು ಸೇರಿದರು. ಹೊಟ್ಟೆ ತೆರೆದು ತೇಪೆ ತಿರುವಿ ಹಾಕಬಹುದೇ? ಆಗದು, ಮಗು ಇನ್ನೊಂದು ಸಲ ಅರಿವಳಿಕೆ ತಡೆಯುವುದಿಲ್ಲ ಎಂದರು ಸರ್ಜನ್ನರು. ಹಾಗಾದರೆ ಉಳಿದದ್ದು ಒಂದೇ ದಾರಿ. ಡಾಕ್ಟರ್ ಗಲಗಲಿ ಅದನ್ನು ಫರೀದಾ ಮತ್ತು ಅವಳ ಗಂಡನಿಗೆ ಹೇಳಿದರು.

"ಕೋಶಕ್ಕ ಕಣ್ಣಿಲ್ಲ. ಯಾವ ಮಗ್ಗಲು ಮೈಗೆ ತಾಗತದೋ ಅದನ್ನ ಅದು ನೆಲ ಅಂತ ತಿಳ್ಕೋತದ, ಬಯಲಿರೋ ಕಡೆ ಮ್ಯಾಲ ಅಂತ ತಿಳ್ಕೋತದ. ಈಗ ಅವು ತಲೆಕೆಳಗ ಮಲಗ್ಯಾವ. ಹಂಗ ತಾಗಿಕೊಂಡು ಇನ್ನೂ ನಾಕೈದು ದಿನಾ ಇದ್ರ, ಇದು ನೆಲ ಅಂತ ಅವಕ್ಕ ತಿಳೀಬೋದು. ತಿಳಿದ್ರ ಮ್ಯಾಲಿನ ಬಾಗಿಲೆಲ್ಲಾ ಕಿತ್ತಿ, ಆ ಕಡಿಂದ ಈ ಕಡೆ ತಂದು ಕೂಡಿಸ್ತಾವ. ತಟ್ಟ್ಯಾಗ ನಾವು ನೋಡೇವಿ. ಮನುಷ್ಯಾನ ಹೊಟ್ಟ್ಯಾಗ ಯಾರೂ ನೋಡಿಲ್ಲ. ಅಲ್ಲೀತನಕ ಎಷ್ಟು ನೀರು ಹೊರಗ ಹೋಗತದೋ ಅಷ್ಟೂ ನಾವು ನರದಿಂದ ತುಂಬಬೇಕು. ಒಂದು ಹನಿ ಹೆಚ್ಚಾದ್ರೂ ಕೂಸಿನ ಎದಿ ತಡಿಯೂದಿಲ್ಲ, ಕಡಿಮಿ ಆದ್ರೂ ತಡಿಯೂದಿಲ್ಲ."

"ತಲೆಕೆಳಗ ಹೆಂಗ ಆದ್ವು?" ಎಂದು ಫರೀದಾ ಕೇಳಿದಳು.

ಡಾಕ್ಟರ್ ನೀಲವ್ವನ ಕಡೆ ನೋಡಿದರು. ನೀಲವ್ವ ಹೇಳಿದಳು. ಗಂಟಿನ ಮಾತು, ಬಂದಾಕೆ ನಕ್ಕದ್ದು, ಬುಧವಾರ ಮಾಡಿದ್ದು. ಎಲ್ಲವನ್ನೂ ಹೇಳಿದಳು, ಸೋಮವಾರ ಒಂದನ್ನು ಬಿಟ್ಟು.

ನೇಯುವವಳಾದ್ದರಿಂದ ಫರೀದಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಗಂಟು ಹಾಕುವಾಗ ಕೈ ಹೇಗೆ ಹಿಂಜರಿಯುತ್ತದೆ ಎಂದು ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಗೊತ್ತು. ಅದಕ್ಕೇ ಅವಳ ಮಾತು ನೇರವಾಗಿ ತಾಗಿತು.

"ನನ್ನ ಮಗಳ ಹೊಟ್ಟ್ಯಾಗ ನಿಮ್ಮ ಕಸೂತಿ ಯಾರು ನೋಡಾವ್ರಿದ್ರು ಅಕ್ಕಾ?"

ಅವತ್ತಿನಿಂದ ಶುರುವಾಯಿತು. ಅರ್ಧ ಗಂಟೆಗೊಮ್ಮೆ ಚೀಲ ಬಿಚ್ಚುವುದು, ಅಳೆಯುವುದು, ಬರೆಯುವುದು, ಅಷ್ಟೇ ನೀರು, ಅಷ್ಟೇ ಉಪ್ಪು ನರಕ್ಕೆ ಏರಿಸುವುದು. ದಾದಿಯರು ಸಾಲಲಿಲ್ಲ. ನೀಲವ್ವ ಕೇಳದೆಯೇ ಬಂದು ಅಳತೆಯ ಪಾತ್ರೆ ತೊಳೆಯಲು ನಿಂತಳು. ಯಾರೂ ಬೇಡ ಎನ್ನಲಿಲ್ಲ. ಚೀಲ ಬಿಚ್ಚುವವಳು ಫರೀದಾ, ಪಾತ್ರೆ ಹಿಡಿಯುವವಳು ನೀಲವ್ವ. ನಲವತ್ತೈದು. ಅರವತ್ತು. ಐವತ್ತೆರಡು. ಅಂಕಿ ಬಿಟ್ಟು ಬೇರೆ ಮಾತು ಅವರ ನಡುವೆ ಇರಲಿಲ್ಲ. ಮೂರು ತಿಂಗಳು ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದವರು ಒಂದೇ ಮಂಚದ ಎರಡು ಕಡೆ ನಿಂತು ಪರಸ್ಪರ ಮುಖ ನೋಡುತ್ತಿರಲಿಲ್ಲ.

ಸುಮೈಯಾಳ ಕಣ್ಣು ಗುಳಿ ಬಿದ್ದಿದ್ದವು. ಅಳಲು ಬಾಯಿ ತೆರೆದರೆ ಸದ್ದು ಬರುತ್ತಿರಲಿಲ್ಲ, ಕಣ್ಣೀರೂ ಬರುತ್ತಿರಲಿಲ್ಲ. ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಬುಧವಾರ ಬೆಳಿಗ್ಗೆಯಿಂದ ಮೂತ್ರ ನಿಂತಿತು. ಮೂತ್ರಪಿಂಡ ಕೈ ಬಿಟ್ಟಿದೆ ಎಂದು ಬೇರೊಂದು ಯಂತ್ರ ತಂದು ಹಚ್ಚಿದರು. ಮಂಚದ ಸುತ್ತ ಈಗ ಮಗುವಿಗಿಂತ ಕೊಳವೆಗಳೇ ಹೆಚ್ಚು ಕಾಣುತ್ತಿದ್ದವು.

ಹೊಲಿಗೆ ಕೋಣೆಗೆ ಬೀಗ ಬಿದ್ದಿತ್ತು. ವಿಚಾರಣೆ ಮುಗಿಯುವವರೆಗೆ ಯಾರೂ ಬರಬೇಡಿ ಎಂದು ಚೀಟಿ ಅಂಟಿಸಿದ್ದರು. ಗುರುವಾರ ಗಿರಿಜವ್ವ ವಾರ್ಡಿನ ಬಾಗಿಲವರೆಗೆ ಬಂದು, ನೀಲವ್ವನನ್ನು ಹೊರಗೆ ಕರೆದಳು.

"ನೀ ಸುಮ್ಮನಿದ್ದಿದ್ರ ಆಗ್ತಿತ್ತಲ್ಲ," ಎಂದಳು. ಬಯ್ಯಬೇಕೆಂದೇ ಬಂದಿದ್ದಳು. ಗಾಜಿನಾಚೆ ಮಂಚದ ಮೇಲೆ ಮಲಗಿದ್ದ ಮಗುವನ್ನು ನೋಡಿದಳು. ತಂದಿದ್ದ ಊಟದ ಡಬ್ಬಿಯನ್ನು ನೀಲವ್ವನ ಕೈಯಲ್ಲಿಟ್ಟು ಹೋದಳು.

ಶುಕ್ರವಾರ ಮಧ್ಯಾಹ್ನ ಕ್ಯಾಮೆರಾ ಇಳಿಸಿದರು. ಮೂರೂ ಕಪ್ಪು. ಡಾಕ್ಟರ್ ಗಲಗಲಿ ನಿಯಂತ್ರಣ ಕೋಣೆಯಲ್ಲಿ ಪರದೆಯ ಮುಂದೆ ಕೂತೇ ಇದ್ದರು, ಯಾರು ಕರೆದರೂ ಏಳಲಿಲ್ಲ. ಅವತ್ತು ನೀಲವ್ವನಿಗೆ ದೇವರನ್ನು ಏನೆಂದು ಬೇಡಿಕೊಳ್ಳಬೇಕು ಎಂದೇ ತೋಚಲಿಲ್ಲ. ನಿನ್ನ ತಪ್ಪು ತಿದ್ದು ಎನ್ನುವ ಹಾಗಿರಲಿಲ್ಲ. ತಪ್ಪು ದೇವರದಲ್ಲ. ಪಾತ್ರೆ ತೊಳೆಯುತ್ತ ನಲ್ಲಿಯ ಕೆಳಗೆ ತನ್ನ ಎರಡೂ ಕೈ ಹಿಡಿದು, ಈ ಕೈ ಬಿದ್ದುಹೋಗಲಿ, ಆ ಕೂಸು ಉಳಿಯಲಿ ಎಂದಳು. ಯಾರಿಗೆ ಹೇಳಿದಳೋ ಅವಳಿಗೇ ಗೊತ್ತಿಲ್ಲ.

ಶನಿವಾರ ಬೆಳಿಗ್ಗೆ ಎಂಟೂವರೆಗೆ ಫರೀದಾ ಚೀಲ ಬಿಚ್ಚಿದಳು. ನೀಲವ್ವ ಪಾತ್ರೆ ಹಿಡಿದಳು. ಮೂವತ್ತೊಂದು. ಒಂಬತ್ತಕ್ಕೆ ಇಪ್ಪತ್ತೆರಡು. ಒಂಬತ್ತೂವರೆಗೆ ಹದಿನಾಲ್ಕು. ಕೊಳವೆ ಕಟ್ಟಿಕೊಂಡಿರಬೇಕು ಎಂದು ದಾದಿ ಅದನ್ನು ತೊಳೆದಳು, ಕಟ್ಟಿಕೊಂಡಿರಲಿಲ್ಲ. ಹತ್ತಕ್ಕೆ ಒಂಬತ್ತು. ಒಳಗೆ ಹೊರಬರಲು ನೀರೇ ಉಳಿದಿಲ್ಲವೇನೋ ಎಂದು ನೀಲವ್ವ ಅಂಜಿದಳು. ಫರೀದಾಳೂ ಅದನ್ನೇ ಅಂದುಕೊಂಡಿರಬೇಕು. ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು. ಉಸಿರು ಇತ್ತು.

ಹನ್ನೊಂದು ಗಂಟೆಗೆ ಡಾಕ್ಟರ್ ಗಲಗಲಿ ಅವರಿಬ್ಬರನ್ನೂ ನಿಯಂತ್ರಣ ಕೋಣೆಗೆ ಕರೆದರು. ಆರನೆಯ ಚೌಕ ಪೂರ್ತಿ ಹಸಿರಾಗಿತ್ತು. ಏಳನೆಯದರಲ್ಲಿ ಅಂಚುಗಳು ಹೊತ್ತಿಕೊಂಡು ನಡುವೆ ಇನ್ನೂ ಕಪ್ಪಿತ್ತು. ಅವರು ನೋಡುತ್ತಿದ್ದಂತೆಯೇ ಆ ಕಪ್ಪು ಸಣ್ಣದಾಗುತ್ತಿದೆ ಎನಿಸಿತು. ಎಂಟನೆಯದರಲ್ಲಿ ಅಲ್ಲಲ್ಲಿ ಚುಕ್ಕಿಗಳಿದ್ದವು. ಲಕ್ಷಗಟ್ಟಲೆ ಕೋಶಗಳು, ಯಾರೂ ಹೇಳದೆ, ತಮ್ಮ ಬಾಗಿಲುಗಳನ್ನು ಒಂದೊಂದಾಗಿ ಕಿತ್ತು ಸರಿಯಾದ ಕಡೆಗೆ ಹೊತ್ತು ತರುತ್ತಿದ್ದವು. ಡಾಕ್ಟರ್ ಗಲಗಲಿ ಜೋರಾಗಿ ಅತ್ತುಬಿಟ್ಟರು. ಫರೀದಾ ಗೋಡೆಗೆ ಒರಗಿ ಹಾಗೇ ಕೆಳಗೆ ಕುಸಿದು ಕೂತಳು. ನೀಲವ್ವ ಅವಳ ಪಕ್ಕದಲ್ಲಿ ಕೂರಲಿಲ್ಲ. ಅಷ್ಟು ಹಕ್ಕು ತನಗಿಲ್ಲ ಎನಿಸಿತು.

ಮುಂದಿನ ಗುರುವಾರ ಬಂತು. ಇವತ್ತು ಮಗುವಿಗೆ ಮೊದಲ ಬಾರಿ ಬಾಯಿಂದ ಗಂಜಿತಿಳಿ ಕೊಡಬಹುದು ಎಂದರು. ಅವತ್ತು ಬೆಳಿಗ್ಗೆಯೇ ಡಾಕ್ಟರ್ ಇನ್ನೊಂದು ಮಾತೂ ಹೇಳಿದ್ದರು, ನೀಲವ್ವ ಅಲ್ಲೇ ಮೂಲೆಯಲ್ಲಿ ನಿಂತಿದ್ದಳು.

"ಕರುಳು ಗೆದ್ದದ. ಮೂತ್ರಪಿಂಡ ಮಾತ್ರ ತಿರುಗಿ ಬರೂದಿಲ್ಲ ಅಂತ ಕಾಣಸ್ತದ. ವಾರಕ್ಕ ಮೂರು ಸಲಾ ಡಯಾಲಿಸಿಸ್, ಎಷ್ಟು ವರ್ಷಾ ಅಂತ ಹೇಳಲಿಕ್ಕಾಗೂದಿಲ್ಲ. ಏನು ಮಾಡೂದವಾ, ಸೋಮವಾರ ರೋಗನ ತಿರುಗಿ ಬಂತು ಅಂತ ತಿಳದು ನಾವು ನೀರು ಕಡಿಮಿ ಮಾಡಿದ್ವಿ. ಆ ಒಂದು ದಿನಾನ ಇದನ್ನ ಕೆಡಿಸ್ತು. ಸೋಮವಾರನ ತಿಳದಿದ್ರ ಹಿಂಗಾಗ್ತಿರಲಿಲ್ಲ."

ಫರೀದಾ ತಲೆಯಾಡಿಸಿದ್ದಳು. ಜೀವ ಉಳಿಯಿತಲ್ಲ ಎಂದಿದ್ದಳು.

ಮಧ್ಯಾಹ್ನ ಅವಳು ಸ್ಟೀಲಿನ ಬಟ್ಟಲಲ್ಲಿ ಗಂಜಿತಿಳಿ ತಂದಳು. ಬಾಗಿಲ ಹತ್ತಿರ ನಿಂತಿದ್ದ ನೀಲವ್ವನನ್ನು ನೋಡಿದಳು. ಒಂಬತ್ತು ದಿನಗಳಲ್ಲಿ ಮೊದಲ ಸಲ ಮುಖ ಎತ್ತಿ ನೋಡಿದ್ದು.

"ಬರ್ರಿ ಅಕ್ಕಾ. ಕುಂದರ್ರಿ. ಇಕೀನ ತೊಡಿ ಮ್ಯಾಲ ಹಿಡ್ಕೋರಿ, ನಾ ಕುಡಸ್ತೀನಿ."

ನೀಲವ್ವ ಕೂತಳು. ಮಗು ಹಗುರಾಗಿತ್ತು, ಆದರೆ ಬೆಚ್ಚಗಿತ್ತು. ಮೊದಲ ಚಮಚ ಬಾಯಿಗೆ ಬಿದ್ದಾಗ ಸುಮೈಯಾ ಹುಬ್ಬು ಗಂಟಿಕ್ಕಿ, ಇದೇನು ಎಂಬಂತೆ ತಾಯಿಯನ್ನು ನೋಡಿ, ಆಮೇಲೆ ನುಂಗಿದಳು. ಫರೀದಾ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

"ನಿಮ್ಮ ಮ್ಯಾಲ ಭಾಳ ಸಿಟ್ಟಿತ್ತು ಅಕ್ಕಾ. ಈಗೂ ಐತಿ. ಆದ್ರ ನೀವ ಬಂದು ಹೇಳದಿದ್ರ, ಅವತ್ತ ಸಂಜೀಕ ನಾ ಇಕೀನ ಎತ್ಕೊಂಡು ಊರಿಗೆ ಹೋಗಿರ್ತಿದ್ದೆ. ಕೆಲಸ ಹೋದ್ರೂ ಹೋಗಲಿ ಅಂತ ಹೇಳಿದ್ರಲ್ಲ. ಅಷ್ಟು ಸಾಕು ನನಗ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೇಳುವವರು ಯಾರೂ ಇರಲಿಲ್ಲ, ಇನ್ನು ಮುಂದೆಯೂ ಇರುವುದಿಲ್ಲ. ನೀಲವ್ವ ಮಗುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಆ ಬೆನ್ನಿನ ಎರಡು ಕಡೆ, ಅಂಗೈ ಕೆಳಗೆ, ಸತ್ತುಹೋದ ಎರಡು ಮೂತ್ರಪಿಂಡಗಳು ಇದ್ದವು.

"ಫರೀದಾ," ಎಂದಳು. "ನನಗ ಸೋಮವಾರನ ಗೊತ್ತಿತ್ತು."

"ಏನು?"

"ಗಂಟಿನ ಮಾತು. ಬಾಯಾರು ಪರದೆ ಮ್ಯಾಲ ತೋರಿಸಿದಾಗನ ಗೊತ್ತಾತು. ಅಂಜಿದೆ. ಒಂದು ದಿನಾ ಬಾಯಿ ಬಿಡಲಿಲ್ಲ."

ಫರೀದಾಳ ಕೈಯಲ್ಲಿ ಚಮಚ ತುಂಬಿತ್ತು. ಮಗು ಇನ್ನೊಂದು ಗುಟುಕಿಗೆ ಬಾಯಿ ತೆರೆದು ಕಾಯುತ್ತಿತ್ತು. ಅವಳು ಆ ಚಮಚವನ್ನು ಒಂದು ಹನಿಯೂ ಚೆಲ್ಲದೆ ಕುಡಿಸಿದಳು. ಆಮೇಲೆ ಬಟ್ಟಲು ಕೆಳಗಿಟ್ಟು, ಎರಡೂ ಕೈ ಚಾಚಿ, ನೀಲವ್ವನ ತೊಡೆಯ ಮೇಲಿಂದ ಮಗಳನ್ನು ತೆಗೆದುಕೊಂಡಳು.